ಮೂಲವನ್ನು ಕೇಳದ ವಿದ್ಯೆ

ಕಳೆದ ಮಾಘಮಾಸದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನ ಒಂದು ಪ್ರೌಢಶಾಲೆಯವರು ತಮ್ಮ ವಿದ್ಯಾರ್ಥಿಗಳ ‘ಸಂಶೋಧನಾ ಪ್ರದರ್ಶನ’ಕ್ಕೆ ತೀರ್ಪುಗಾರನಾಗಿ ಬರಬೇಕೆಂದು ನನಗೆ ಹೇಳಿಕಳುಹಿಸಿದ್ದರು. ನಿವೃತ್ತ ಉಪಾಧ್ಯಾಯರಿಗೆ ಇಂಥ ಕರೆಗಳು ಆಗಾಗ ಬರುವುದುಂಟು, ಹೋಗದಿದ್ದರೆ ಬಿಂಕವೆನ್ನುತ್ತಾರೆ. ಹೋದೆನು. ವಿಷಯ ‘ನಮ್ಮ ಊರು, ನಮ್ಮ ಇತಿಹಾಸ’. ಉದ್ದನೆಯ ಮೇಜಿನ ಮೇಲೆ 32 ಪುಸ್ತಕಗಳನ್ನು ಸಾಲಾಗಿ ಜೋಡಿಸಿದ್ದರು. ನುಣುಪಾದ ಕಾಗದ, ಬಣ್ಣದ ಚಿತ್ರಗಳು, ಸುರುಳಿ ತಂತಿಯ ಕಟ್ಟು. ಒಂದಕ್ಕಂತೂ ರೇಷ್ಮೆಯ ಹೊದಿಕೆಯೂ ಇತ್ತು. ಇಂಗ್ಲಿಷ್ ಮಾಧ್ಯಮದ ಮಕ್ಕಳಾದರೂ ಈ ಒಂದು ಕಾರ್ಯವನ್ನು ಕನ್ನಡದಲ್ಲಿ ಮಾಡಿದ್ದರೆಂಬುದು ಸಂತೋಷದ ಸಂಗತಿ. ಪುಟಗಳನ್ನು ತಿರುವಿಹಾಕುವವರೆಗೆ ಆ ಸಂತೋಷ ಉಳಿದಿತ್ತು.

ಆ ಮೂವತ್ತೆರಡರಲ್ಲಿ 19 ಪುಸ್ತಕಗಳು ಒಂದೇ ಕಥೆಯಿಂದ ಪ್ರಾರಂಭವಾಗಿದ್ದವು. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಗೆ ಹೋಗಿ ಕಾಡಿನಲ್ಲಿ ದಾರಿ ತಪ್ಪಿದನಂತೆ. ಹಸಿದು ಬಳಲಿ ಒಬ್ಬ ಮುದುಕಿಯ ಗುಡಿಸಲಿಗೆ ಬಂದನಂತೆ. ಆಕೆ ಬೆಂದ ಕಾಳುಗಳನ್ನು ಕೊಟ್ಟು ಆತನ ಪ್ರಾಣ ಉಳಿಸಿದಳಂತೆ. ಅಂದಿನಿಂದ ಆ ಸ್ಥಳ ಬೆಂದಕಾಳೂರೆನಿಸಿ, ಕಾಲಕ್ರಮದಲ್ಲಿ ಬೆಂಗಳೂರಾಯಿತಂತೆ. ನಮ್ಮ ಅಜ್ಜಿಯರು ಈ ಕಥೆಯನ್ನು ಹೇಳುವಾಗ ‘ಅಂತೆ’ಯನ್ನು ಬಿಡುತ್ತಿರಲಿಲ್ಲ. ಮಕ್ಕಳು ‘ಅಂತೆ’ಗಳನ್ನೆಲ್ಲ ಕಿತ್ತುಹಾಕಿ ‘ಬಂದನು, ಕೊಟ್ಟಳು, ಆಯಿತು’ ಎಂದು ಕಣ್ಣಾರೆ ಕಂಡವರಂತೆ ಬರೆದಿದ್ದರು. ಅಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆ ಹತ್ತೊಂಬತ್ತರಲ್ಲಿ 14 ಪುಸ್ತಕಗಳು ದೊರೆಯ ಹೆಸರನ್ನು ‘ವೀರಬಳ್ಳಾಲ’ ಎಂದು, ಲಕಾರ ಳಕಾರಗಳನ್ನು ಅದಲುಬದಲು ಮಾಡಿ, ಬರೆದಿದ್ದವು. ನನ್ನ ಪಕ್ಕದಲ್ಲಿ ನಿಂತಿದ್ದ ಉಪಾಧ್ಯಾಯಿನಿಯವರು, ‘ನೋಡಿ ಸಾರ್, ಇಷ್ಟು ಮಕ್ಕಳು ಬೇರೆಬೇರೆಯಾಗಿ ಹುಡುಕಿದರೂ ಎಲ್ಲರಿಗೂ ಒಂದೇ ವಿಷಯ ಸಿಕ್ಕಿದೆ, ಅಂದಮೇಲೆ ಅದು ಸತ್ಯವೇ ಅಲ್ಲವೆ?’ ಎಂದು ಮುಗ್ಧವಾಗಿ ಹೆಮ್ಮೆಪಟ್ಟರು.

ಓಲೆಗರಿಗಳ ಸಂಪಾದನೆಯಲ್ಲಿ ಸ್ವಲ್ಪವಾದರೂ ಕೈಯಾಡಿಸಿದವರಿಗೆ ಈ ಹದಿನಾಲ್ಕು ಪುಸ್ತಕಗಳ ಗುಟ್ಟು ಕೂಡಲೆ ಹೊಳೆಯುತ್ತದೆ. ಹತ್ತು ಪ್ರತಿಗಳು ಸರಿಯಾದ ಪಾಠದಲ್ಲಿ ಒಂದಾಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಸರಿಯಾದದ್ದು ಎಲ್ಲರಿಗೂ ಸರಿಯೇ. ಆದರೆ ಹತ್ತು ಪ್ರತಿಗಳು ಒಂದೇ ತಪ್ಪಿನಲ್ಲಿ ಒಂದಾಗಿದ್ದರೆ, ಅವುಗಳೆಲ್ಲ ಆ ತಪ್ಪನ್ನು ಮಾಡಿದ ಒಂದೇ ತಾಯಿಪ್ರತಿಯ ಮಕ್ಕಳೆಂದು ಸಂಪಾದಕನು ನಿರ್ಣಯಿಸುತ್ತಾನೆ. ಆ ಹತ್ತಕ್ಕೂ ಸೇರಿಸಿ ಒಂದೇ ಸಾಕ್ಷಿಯ ಬೆಲೆ ಕೊಡುತ್ತಾನೆ. ನಾನು ಕಂಡದ್ದು ಹದಿನಾಲ್ಕು ಸಾಕ್ಷಿಗಳನ್ನಲ್ಲ. ಒಬ್ಬನೇ ಸಾಕ್ಷಿ, ಅವನೂ ಹೆಸರಿಲ್ಲದವನು, ಹದಿನಾಲ್ಕು ಬಾಯಿಗಳಿಂದ ಕೂಗಿದ್ದನ್ನು. ಕೊನೆಯ ಪುಟದಲ್ಲಿ ‘ಆಕರಗಳು’ ಎಂಬ ತಲೆಬರಹವೇನೋ ಎಲ್ಲದರಲ್ಲಿಯೂ ಇತ್ತು. ಅದರ ಕೆಳಗೆ ‘ಗೂಗಲ್’, ‘ಯೂಟ್ಯೂಬ್’, ಈಚಿನ ಸೇರ್ಪಡೆಯಾಗಿ ‘ಚಾಟ್ ಜಿಪಿಟಿ’. ನ್ಯಾಯಾಲಯದಲ್ಲಿ ಸಾಕ್ಷಿಯ ಹೆಸರು ಕೇಳಿದಾಗ ‘ಚಿಕ್ಕಪೇಟೆ’ ಎಂದು ಉತ್ತರಿಸಿದಂತಾಯಿತು ಇದು. ಚಿಕ್ಕಪೇಟೆಯಲ್ಲಿ ಯಾರು? ಯಾವಾಗ ಕಂಡರು? ಅವರಿಗೆ ತಿಳಿದದ್ದು ಹೇಗೆ?

ವಿಷಾದದ ಸಂಗತಿಯೆಂದರೆ, ಆ ಕಥೆಯನ್ನು ಒರೆಗೆ ಹಚ್ಚಬಲ್ಲ ಕಲ್ಲು ಆ ಶಾಲೆಗೆ ಕೆಲವೇ ಮೈಲಿಗಳ ದೂರದಲ್ಲಿದೆ. ಹೊಸೂರು ರಸ್ತೆಗೆ ಪಶ್ಚಿಮದಲ್ಲಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ವೀರಗಲ್ಲಿದೆ. ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರ ಅಭಿಪ್ರಾಯ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಮನೆಯ ಆಳೂ, ಬುಟ್ಟಣಪತಿಯೆಂಬ ಅವನ ಮಗನೂ ಮಡಿದರೆಂದು ಅದು ಹೇಳುತ್ತದೆ. ಕವಿಚರಿತೆಯ ಕರ್ತೃಗಳೆಂದು ನಾವೆಲ್ಲ ಗೌರವಿಸುವ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿದ್ದಾಗ, 1915ರಲ್ಲಿ, ಇದನ್ನು ಬೆಳಕಿಗೆ ತಂದರು. ಕಥೆಯ ನಾಯಕನೆಂದು ಹೇಳಲಾಗುವ ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಆ ಮುದುಕಿ ಕಾಳು ಬೇಯಿಸುವುದಕ್ಕೆ ಮುನ್ನೂರು ವರ್ಷಗಳಿಗೆ ಸಮೀಪವಾಗಿ ಮುಂಚೆಯೇ ಬೆಂಗಳೂರೆಂಬ ಹೆಸರಿನ ಊರಿತ್ತು. ಅದಕ್ಕಾಗಿ ಜನ ಕಾದಿ ಸತ್ತಿದ್ದರು. ಮೂವತ್ತೆರಡು ಪುಸ್ತಕಗಳಲ್ಲಿ ಒಂದಾದರೂ ಬೇಗೂರಿನ ಹೆಸರನ್ನು ಎತ್ತಿರಲಿಲ್ಲ. ಆ ಮಕ್ಕಳಲ್ಲಿ ಇಬ್ಬರು ಬೇಗೂರಿನಿಂದಲೇ ದಿನವೂ ಶಾಲೆಯ ವಾಹನದಲ್ಲಿ ಬರುವವರೆಂದು ಆಮೇಲೆ ತಿಳಿಯಿತು.

ಹಾಗೆಂದು ‘ಕಲ್ಲು ಹೇಳಿತು, ಮುಗಿಯಿತು’ ಎಂದು ಮಕ್ಕಳಿಗೆ ಕಲಿಸಿದರೆ ನಾವು ಒಂದು ಕುರುಡುನಂಬಿಕೆಯನ್ನು ತೆಗೆದು ಇನ್ನೊಂದನ್ನು ಕೂರಿಸಿದಂತಾಗುತ್ತದೆ. ಆ ಶಾಸನ ಊರಿನ ಹೆಸರು ಹೇಳುತ್ತದೆಯೇ ಹೊರತು ಹೆಸರು ಹೇಗೆ ಬಂತೆಂಬುದನ್ನು ಹೇಳುವುದಿಲ್ಲ. ಆ ಬೆಂಗಳೂರು ಇಂದಿನ ಯಾವ ಬಡಾವಣೆಯ ಕೆಳಗೆ ಹೂತಿದೆಯೆಂಬುದನ್ನೂ ಹೇಳುವುದಿಲ್ಲ. 890 ಎಂಬ ಅಂಕೆಗೆ ಮುಂಚೆ ‘ಸುಮಾರು’ ಎಂಬ ಮಾತಿದೆಯಲ್ಲ, ಅದು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಲಿಪಿಯ ರೂಪವನ್ನೂ ಅದರ ಕಾಲದ ಇತರ ಶಾಸನಗಳನ್ನೂ ಹೋಲಿಸಿ ಊಹಿಸಿದ ಕಾಲವದು. ಪಠ್ಯಪುಸ್ತಕಗಳಿಗೆ ಇಳಿಯುವ ಹೊತ್ತಿಗೆ ಆ ‘ಸುಮಾರು’ ಮೊದಲು ಉದುರಿಹೋಗುತ್ತದೆ. ಶಾಸನವೆಂದ ಮಾತ್ರಕ್ಕೆ ಸತ್ಯವೆಂದೂ ಅಲ್ಲ. ಪಶ್ಚಿಮ ಗಂಗರ ತಾಮ್ರಪಟಗಳ ವಿಷಯದಲ್ಲಿ ಬಿ.ಎಲ್. ರೈಸರಿಗೂ ಜೆ.ಎಫ್. ಫ್ಲೀಟರಿಗೂ ವರ್ಷಗಟ್ಟಲೆ ನಡೆದ ವಾದವನ್ನು ಇತಿಹಾಸದ ಅಧ್ಯಾಪಕರು ಬಲ್ಲರು. ಭೂಮಿಯ ಮೇಲಿನ ಹಕ್ಕನ್ನು ಸ್ಥಾಪಿಸಲು ಯಾರೋ ಹಿಂದಿನ ಕಾಲವನ್ನು ಹಾಕಿ ಕೊರೆಸಿದ ಕೃತಕ ಪಟಗಳೆಂದು ಫ್ಲೀಟರು ಅವುಗಳಲ್ಲಿ ಅನೇಕವನ್ನು ತಳ್ಳಿಹಾಕಿದರು. ರೈಸರು ಅವನ್ನು ಸಮರ್ಥಿಸಿಕೊಂಡರು. ತಾಮ್ರದ ಮೇಲೆ ಕೊರೆದದ್ದೂ ಸುಳ್ಳಾಗಬಲ್ಲುದೆಂದು ನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನ ಶಾಸನಗಳ ಮೇಲೆ ಇಷ್ಟು ದೊಡ್ಡ ಚರ್ಚೆ ನಡೆದಿರುವಾಗ, ಗಾಜಿನ ಪರದೆಯ ಮೇಲೆ ಮೂಡಿದ್ದನ್ನು ನಮ್ಮ ಮಕ್ಕಳು ಪ್ರಶ್ನೆಯಿಲ್ಲದೆ ಬರೆದುಕೊಳ್ಳುವುದನ್ನು ನೋಡಿದರೆ, ವಿದ್ಯೆ ಮುಂದೆ ಹೋಯಿತೋ ಹಿಂದೆ ಬಂತೋ ಎಂಬ ಸಂಶಯ ಬರುತ್ತದೆ.

ಇದಕ್ಕೆ ನನ್ನ ಮಿತ್ರರೊಬ್ಬರು ಆಕ್ಷೇಪಿಸಿದರು: ‘ಅಯ್ಯಾ, ಒಂದು ಮುದ್ದಾದ ಕಥೆ. ಹಸಿದವನಿಗೆ ಬಡ ಮುದುಕಿ ಅನ್ನವಿಕ್ಕಿದಳು. ದಾಸೋಹದ ಪರಂಪರೆಯ ನಾವೇ ಅದನ್ನು ಅಲ್ಲಗಳೆಯಬೇಕೆ? ಮಕ್ಕಳು ನಂಬಿದರೆ ಯಾವ ರಾಜ್ಯ ಮುಳುಗಿತು?’ ಕಥೆಯನ್ನು ಅಲ್ಲಗಳೆಯಲು ನಾನು ಹೊರಟಿಲ್ಲ. ಕಥೆಯನ್ನು ಕಥೆಯೆಂದು ಹೇಳಿ, ಮಡಿಲಲ್ಲಿ ಕೂರಿಸಿಕೊಂಡು ಹೇಳಿ; ಮಕ್ಕಳ ಹೃದಯ ಮೃದುವಾಗಲಿ. ಅದನ್ನು ‘ಸಂಶೋಧನೆ’ ಎಂಬ ತಲೆಬರಹದ ಕೆಳಗೆ ಬರೆಸಿ ಅಂಕ ಕೊಡುವುದು ಬೇರೆ ವಿಷಯ. ರಾಜ್ಯ ಮುಳುಗಿತೆ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೇನೆ. ರಾಜ್ಯವಲ್ಲ, ಬಡಾವಣೆಗಳು ಮುಳುಗಿದವು.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯನ್ನು ಯಾರೂ ಮರೆತಿರಲಾರರು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ಕೋಟಿಗಟ್ಟಲೆ ಬೆಲೆಯ ಮನೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ತೇಲಿದವು. ಗಣಕಯಂತ್ರದ ತಜ್ಞರು ಟ್ರಾಕ್ಟರುಗಳ ಮೇಲೆ ನಿಂತು ಕಚೇರಿಗೆ ಹೋದರು. ಬೆಳ್ಳಂದೂರಿನ ಕೆರೆ ತುಂಬಿದರೆ ವರ್ತೂರಿಗೆ ಹರಿಯಬೇಕಾದ ನೀರು, ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನಮ್ಮ ಹಿರಿಯರು ತೋಡಿದ್ದ ರಾಜಕಾಲುವೆಗಳು ಮುಚ್ಚಿದ್ದರಿಂದ, ತನ್ನ ಹಳೆಯ ದಾರಿಯನ್ನು ತಾನೇ ಹುಡುಕಿಕೊಂಡಿತು. ಆ ದಾರಿ ಯಾರಿಗೂ ಗೊತ್ತಿರಲಿಲ್ಲವೆ? ಸರ್ವೆ ಇಲಾಖೆಯ ಗ್ರಾಮನಕ್ಷೆಯಲ್ಲಿ ಗೆರೆ ಎಳೆದು ತೋರಿಸಿತ್ತು. ಊರಿನ ಮುದುಕರು ಬೆರಳು ಮಾಡಿ ತೋರಿಸಬಲ್ಲವರಾಗಿದ್ದರು. ಮನೆ ಕೊಂಡವರು ಓದಿದ್ದು ಇವೆರಡನ್ನೂ ಅಲ್ಲ. ಮಾರುವವನು ಅಚ್ಚುಹಾಕಿಸಿದ ಬಣ್ಣದ ಹೊತ್ತಗೆಯನ್ನು. ಒಂದು ಭೂಮಿಯ ಬಗ್ಗೆ ಮೂರು ಆಕರಗಳಿದ್ದವು: ಮಾರುವುದರಿಂದ ಲಾಭವಿರುವವನದೊಂದು, ಲಾಭನಷ್ಟವಿಲ್ಲದೆ ಅಳೆದವನದೊಂದು, ಅಲ್ಲಿಯೇ ಹುಟ್ಟಿ ಮಳೆಗಾಲಗಳನ್ನು ಕಂಡವನದೊಂದು. ಮೂರರಲ್ಲಿ ಯಾವುದನ್ನು ಹೆಚ್ಚು ನಂಬಬೇಕೆಂದು ತೂಗುವ ಅಭ್ಯಾಸ ಎಂಟನೆಯ ತರಗತಿಯಲ್ಲಿ ಆಗದಿದ್ದರೆ ನಲವತ್ತನೆಯ ವಯಸ್ಸಿನಲ್ಲಿ, ಬ್ಯಾಂಕಿನ ಸಾಲದ ಕಾಗದಕ್ಕೆ ರುಜು ಹಾಕುವ ಅವಸರದಲ್ಲಿ, ಆಗುವುದೆ? ಇವರು ಅವಿದ್ಯಾವಂತರಲ್ಲ. ಬೇರೆಯವರು ಬರೆದ ಕ್ರಮವಿಧಿಯಲ್ಲಿ ದೋಷ ಹುಡುಕುವುದನ್ನೇ ಜೀವನೋಪಾಯ ಮಾಡಿಕೊಂಡ ಸಾವಿರಾರು ಮಂದಿ ವೈಟ್‌ಫೀಲ್ಡಿನಲ್ಲಿದ್ದಾರೆ. ಪರೀಕ್ಷಿಸದ ಒಂದು ಸಾಲನ್ನೂ ಅವರು ಗಿರಾಕಿಗೆ ಕಳುಹಿಸುವುದಿಲ್ಲ. ಮನೆಗೆ ಬಂದೊಡನೆ ಕೈಫೋನಿಗೆ ಬಂದ ಯಾವ ಸುದ್ದಿಯನ್ನಾದರೂ ಪರೀಕ್ಷಿಸದೆ ಇಪ್ಪತ್ತು ಮಂದಿಗೆ ದಾಟಿಸುತ್ತಾರೆ.

ವೈಟ್‌ಫೀಲ್ಡಿನ ಮಾತು ಬಂತು. ಪ್ರದರ್ಶನದ ಒಂದು ಪುಸ್ತಕದಲ್ಲಿ ಆ ಹೆಸರಿಗೆ ‘ಬಿಳಿಯರ ಹೊಲ’ ಎಂದು ಅರ್ಥ ಬರೆದಿತ್ತು. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದ ಡಿ.ಎಸ್. ವೈಟ್ ಎಂಬವರ ಹೆಸರು ಅದು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆ ಸಮುದಾಯದ ನೆಲೆಗಾಗಿ ಭೂಮಿ ಕೊಟ್ಟರು. ಅದೇ ಪುಸ್ತಕದಲ್ಲಿ, ವಿನ್‌ಸ್ಟನ್ ಚರ್ಚಿಲ್ ವೈಟ್‌ಫೀಲ್ಡಿನ ಒಂದು ಹಳೆಯ ವಸತಿಗೃಹಕ್ಕೆ ಬರುತ್ತಿದ್ದನೆಂದೂ ಅದರ ಒಡೆಯನ ಮಗಳಲ್ಲಿ ಅನುರಕ್ತನಾಗಿದ್ದನೆಂದೂ ಒಂದು ಪುಟ ತುಂಬ ವರ್ಣನೆ. ಇದಕ್ಕೆ ಕಾಗದವೆಲ್ಲಿ? ಹೇಳುವವರೆಲ್ಲ ಇನ್ನೊಬ್ಬರಿಂದ ಕೇಳಿದವರೇ. ಚರ್ಚಿಲ್ ಸೇನೆಯ ತರುಣ ಅಧಿಕಾರಿಯಾಗಿ 1896ರಿಂದ ಬೆಂಗಳೂರು ದಂಡಿನಲ್ಲಿದ್ದುದು ನಿಜ. ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ 13 ರೂಪಾಯಿಗಳ ವಸೂಲಾಗದ ಬಾಕಿ ಬರೆದಿರುವುದೂ ನಿಜ. ಇಂದಿಗೂ ಅದನ್ನು ಕಾಣಬಹುದು. ಪ್ರಣಯದ ಪುಟಕ್ಕಿಂತ ಆ ಹದಿಮೂರು ರೂಪಾಯಿಯ ಸಾಲೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಯಾರನ್ನೂ ಮೆಚ್ಚಿಸುವುದಕ್ಕಾಗಿ ಬರೆದದ್ದಲ್ಲ ಅದು. ಗುಮಾಸ್ತನು ತನ್ನ ಕೆಲಸ ಮಾಡಿದ್ದಾನೆ.

ನಾನು ವಾಸಿಸುವುದು ಪೀಣ್ಯಕ್ಕೆ ಹತ್ತಿರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ನಾಲ್ಕು ಲೇತುಗಳ ಒಂದು ಸಣ್ಣ ಕಾರ್ಖಾನೆ ನಡೆಸುತ್ತಾನೆ. ಎಸ್.ಎಸ್.ಎಲ್.ಸಿ.ಯಲ್ಲಿ ಇತಿಹಾಸದ ಪತ್ರಿಕೆಯನ್ನು ಎರಡನೆಯ ಸಲ ಬರೆದು ತೇರ್ಗಡೆಯಾದವನು. ಒಂದು ದಿನ ಅವನ ಅಂಗಡಿಯಲ್ಲಿ ಕುಳಿತಿದ್ದಾಗ, ಹೊಸದಾಗಿ ಸೇರಿದ ಹುಡುಗನೊಬ್ಬನು ಮೈಕ್ರೋಮೀಟರಿನಲ್ಲಿ ಅಳೆದು ‘ಸರಿಯಾಗಿದೆ ಅಣ್ಣ’ ಎಂದು ಒಂದು ತುಂಡನ್ನು ತಂದನು. ಇವನು ತುಂಡನ್ನು ನೋಡಲೇ ಇಲ್ಲ. ಮೈಕ್ರೋಮೀಟರನ್ನು ತಿರುಗಿಸಿ ನೋಡಿದನು. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿನ ದಿನಾಂಕ ದಾಟಿಹೋಗಿತ್ತು. ‘ಇದನ್ನು ಪಕ್ಕಕ್ಕಿಡು, ಇನ್ನೊಂದರಲ್ಲಿ ಅಳೆ’ ಎಂದನು. ಆಮೇಲೆ ನನಗೆ ವಿವರಿಸಿದನು: ಈ ಉಪಕರಣವನ್ನು ಕಾಲಕಾಲಕ್ಕೆ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಅವರು ತಮ್ಮ ಅಳತೆಯೊಡನೆ ಹೋಲಿಸಿ ಪ್ರಮಾಣಪತ್ರ ಕೊಡುತ್ತಾರೆ, ಅವರ ಅಳತೆಯನ್ನು ಅವರಿಗಿಂತ ಮೇಲಿನವರ ಅಳತೆಯೊಡನೆ ಹೋಲಿಸಿರುತ್ತದೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪ್ರಮಾಣದವರೆಗೆ ಸರಪಳಿ ಮುರಿಯದೆ ಹೋಗಬೇಕು. ‘ಒಂದು ಕೊಂಡಿ ಬಿಟ್ಟುಹೋದರೂ ಕಂಪನಿಯವರು ಲಾಟು ವಾಪಸು ಕಳಿಸ್ತಾರೆ ಸಾರ್.’ ಸಂಶೋಧನೆಯಲ್ಲಿ ಮೂಲವನ್ನು ಹುಡುಕುವುದೆಂದರೆ ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಲಾರದೆ ಹೋದೆನು. ಯಾವ ಮಾತನ್ನೇ ಆಗಲಿ, ಇದು ಯಾರಿಂದ ಬಂತು, ಅವರಿಗೆ ಯಾರಿಂದ ಎಂದು ಮೆಟ್ಟಿಲೇರಿ ಕಣ್ಣಾರೆ ಕಂಡವನನ್ನೋ ಕೈಯಾರೆ ಅಳೆದವನನ್ನೋ ಮುಟ್ಟುವವರೆಗೆ ಬಿಡಬಾರದು. ಅದೇ ಪೀಣ್ಯವನ್ನು ಕುರಿತು ಮಕ್ಕಳು, ಪತ್ರಿಕೆಗಳು, ಭಾಷಣಕಾರರು ಎಲ್ಲರೂ ‘ಏಷ್ಯಾದಲ್ಲಿಯೇ ಅತಿ ದೊಡ್ಡ ಕೈಗಾರಿಕಾ ಪ್ರದೇಶ’ ಎನ್ನುತ್ತಾರೆ. ಯಾವ ವರ್ಷ, ಯಾರು ಅಳೆದರು? ಎಕರೆಯಲ್ಲಿ ದೊಡ್ಡದೋ, ಕಾರ್ಖಾನೆಗಳ ಸಂಖ್ಯೆಯಲ್ಲೋ? ಚೀನಾ ಜಪಾನುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೋ ಬಿಟ್ಟರೋ? ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೆ ತಲೆಕೆಡಿಸಿಕೊಳ್ಳುವ ಊರಿನ ಬಗ್ಗೆಯೇ ಅಳತೆಯಿಲ್ಲದ ಮಾತು!

ಶಾಲೆಯನ್ನು ಬಿಟ್ಟು ಮೇಲಕ್ಕೆ ಹೋದರೆ ಚಿತ್ರ ಸುಧಾರಿಸುವುದೆಂದು ಯಾರಾದರೂ ಭಾವಿಸಿದ್ದರೆ ಅದೂ ಭ್ರಮೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಮಾಡಿತು. ಪ್ರಬಂಧದಲ್ಲಿ ಬೇರೆಡೆಯ ಬರಹದೊಡನೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡನೆಯಿಲ್ಲ; ಅದಕ್ಕಿಂತ ಹೆಚ್ಚಾದಂತೆ ಶಿಕ್ಷೆಯೂ ಹೆಚ್ಚುತ್ತದೆ. ಉದ್ದೇಶ ಒಳ್ಳೆಯದೇ. ಪರಿಣಾಮವಾಗಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೂ ಮಾರ್ಗದರ್ಶಕರೂ ‘ಹೋಲಿಕೆ ಎಷ್ಟು ಬಂತು?’ ಎಂದು ಕೇಳುವರೇ ಹೊರತು ‘ಹೇಳಿದ್ದು ನಿಜವೆ?’ ಎಂದು ಕೇಳುವವರಿಲ್ಲ. ಯಂತ್ರವು ಮಾತಿನ ಕಳವನ್ನು ಹಿಡಿಯುತ್ತದೆ, ಸುಳ್ಳನ್ನು ಹಿಡಿಯುವುದಿಲ್ಲ. ವೀರಬಲ್ಲಾಳನ ಕಥೆಯನ್ನು ಸ್ವಂತ ವಾಕ್ಯಗಳಲ್ಲಿ ಬರೆದರೆ ಹೋಲಿಕೆ ಸೊನ್ನೆ, ಪ್ರಬಂಧ ಪರಿಶುದ್ಧ! ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಆಯೋಗವು ತಾನೇ ಅಂಗೀಕರಿಸಿದ್ದ ನಿಯತಕಾಲಿಕಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಸಲ ತೆಗೆದುಹಾಕಬೇಕಾಯಿತು. ಹಣ ಪಡೆದು, ಓದಿಯೂ ನೋಡದೆ, ಯಾವುದನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಒಳಗೆ ನುಸುಳಿದ್ದವು. 2019ರಲ್ಲಿ ಇನ್ನೊಂದು ಪಟ್ಟಿ ಬಂತು. 2025ರ ಆರಂಭದಲ್ಲಿ ಅದನ್ನೂ ಕೈಬಿಟ್ಟು, ಯಾವ ಪತ್ರಿಕೆ ಯೋಗ್ಯವೆಂಬುದನ್ನು ವಿದ್ಯಾಸಂಸ್ಥೆಗಳೇ ವಿವೇಚಿಸಲಿ ಎಂದು ಆಯೋಗವು ಹೇಳಿತು. ವಿವೇಚಿಸಲಿ, ಸರಿಯೇ. ವಿವೇಚನೆಯನ್ನು ಎಲ್ಲಿ ಕಲಿಸಿದ್ದೇವೆ? ಪಟ್ಟಿಯನ್ನು ನೋಡಿ ಗುರುತು ಹಾಕುವುದನ್ನು ಕಲಿಸಿದೆವು; ಈಗ ಪಟ್ಟಿಯಿಲ್ಲ.

ಇನ್ನು ಕೃತಕ ಬುದ್ಧಿಮತ್ತೆಯ ಯಂತ್ರಗಳು. ಅವು ಆಕರವಿಲ್ಲದಿದ್ದರೆ ಆಕರವನ್ನೇ ಸೃಷ್ಟಿಸಿಕೊಡುತ್ತವೆ: ಗ್ರಂಥಕರ್ತನ ಹೆಸರು, ವರ್ಷ, ಪುಟಸಂಖ್ಯೆ ಸಮೇತ. ಹುಡುಗರ ಚೇಷ್ಟೆಯೆಂದು ನಗುವಂತಿಲ್ಲ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವೊಂದು ಕೊಟ್ಟ ಆದೇಶದಲ್ಲಿ ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಉಲ್ಲೇಖಿಸಿದ್ದುದು ಬೆಳಕಿಗೆ ಬಂದು, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮರುವರ್ಷ ನಗರದ ಒಂದು ಸಿವಿಲ್ ನ್ಯಾಯಾಲಯದ ಆದೇಶದಲ್ಲಿಯೂ ಅಂಥದೇ ಇಲ್ಲದ ತೀರ್ಪುಗಳು ಕಂಡುಬಂದುದನ್ನು ರಾಜ್ಯದ ಉಚ್ಚ ನ್ಯಾಯಾಲಯವು ಗಂಭೀರವಾಗಿ ತೆಗೆದುಕೊಂಡಿತು. ತೀರ್ಪುಗಳ ಸಂಪುಟವನ್ನು ಕಪಾಟಿನಿಂದ ತೆಗೆದು ಒಂದು ಪುಟ ತಿರುವಿದ್ದರೆ ಸಾಕಾಗಿತ್ತು. ಸಾಕ್ಷ್ಯವನ್ನು ತೂಗುವುದೇ ವೃತ್ತಿಯಾದವರ ನಡುವೆಯೂ ಹೀಗಾಗಬಹುದಾದರೆ, ಹದಿಮೂರು ವರ್ಷದ ಹುಡುಗಿಯನ್ನು ದೂರಿ ಏನು ಪ್ರಯೋಜನ?

ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಬಸವಣ್ಣನವರ ಹೆಸರಿನಲ್ಲಿ, ಅಕ್ಕಮಹಾದೇವಿಯ ಹೆಸರಿನಲ್ಲಿ ನಿತ್ಯವೂ ಕೈಫೋನಿನಲ್ಲಿ ಹರಿದುಬರುವ ‘ವಚನ’ಗಳಲ್ಲಿ ಎಷ್ಟು ನಿಜವಾಗಿ ವಚನಗಳೆಂದು ನಮ್ಮಲ್ಲಿ ಯಾರು ಹುಡುಕುತ್ತಾರೆ? ಕೊನೆಯಲ್ಲೊಂದು ಅಂಕಿತವಿದ್ದರೆ ಸಾಕು, ಕೈಮುಗಿದು ಮುಂದಕ್ಕೆ ದಾಟಿಸುತ್ತೇವೆ. ಅಂಕಿತವನ್ನು ಯಾರು ಬೇಕಾದರೂ ಹಚ್ಚಬಹುದು. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗಳನ್ನು ಬೇಡಿ ತಂದು, ಪ್ರತಿಗೆ ಪ್ರತಿ ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರಲ್ಲ, ಅವರಿಗೆ ಭಕ್ತಿ ಕಡಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಮೂಲವನ್ನು ಕೇಳುವುದು ಅವಿನಯವೆಂದು, ಗುರುಹಿರಿಯರ ಮಾತನ್ನು ಪ್ರಶ್ನಿಸಿದಂತೆಂದು ಕೆಲವು ಹಿರಿಯರು ಬೇಸರಪಡುತ್ತಾರೆ. ಶರಣರ ಮಾತಿನಲ್ಲಿ ಪರರ ಮಾತನ್ನು ಬೆರೆಸುವುದೇ ಹೆಚ್ಚಿನ ಅವಿನಯವೆಂದು ನನ್ನ ತಿಳಿವಳಿಕೆ.

ಹಾಗಾದರೆ ಏನು ಮಾಡಬೇಕು? ಉಪಾಧ್ಯಾಯರು ‘ಪಠ್ಯವನ್ನು ಮುಗಿಸುವುದಕ್ಕೇ ಸಮಯವಿಲ್ಲ’ ಎನ್ನುತ್ತಾರೆ. ಅವರ ಕಷ್ಟವನ್ನು ನಾನು ಬಲ್ಲೆ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಇವುಗಳ ನಡುವೆ ಪಾಠ. ಆದರೆ ನಾನು ಕೇಳುವುದು ಹೆಚ್ಚು ಕೆಲಸವನ್ನಲ್ಲ, ಕಡಮೆಯನ್ನು. ವರ್ಷಕ್ಕೆ ಆರು ಪ್ರಾಜೆಕ್ಟುಗಳ ಬದಲು ಒಂದು ಸಾಕು. ನಲವತ್ತು ಪುಟಗಳ ಬದಲು ಎರಡು ಪುಟ. ಒಂದೇ ಒಂದು ಮಾತನ್ನು ಹಿಡಿದು, ಅದು ಹುಟ್ಟಿದ ಸ್ಥಳದವರೆಗೆ ಹೋಗಿ ಬಂದದ್ದನ್ನು ಬರೆಯಲಿ. ಮೂಲ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆದ ಮಗುವಿಗೆ ಪೂರ್ಣಾಂಕ ಕೊಡಲಿ. ಇಂದಿನ ಪದ್ಧತಿಯಲ್ಲಿ ‘ಸಿಗಲಿಲ್ಲ’ ಎಂದವನಿಗೆ ಸೊನ್ನೆ; ಕಟ್ಟಿ ಹೇಳಿದವನಿಗೆ ಬಹುಮಾನ. ನಾವೇ ಇಟ್ಟ ಬೆಲೆಗೆ ತಕ್ಕಂತೆ ಮಕ್ಕಳು ಸರಕು ತರುತ್ತಿದ್ದಾರೆ. ಕೆಲವರು ಕೈಫೋನನ್ನೇ ಶಾಲೆಯಿಂದ ಓಡಿಸಬೇಕೆನ್ನುತ್ತಾರೆ. ಅದರಿಂದಲೂ ಆಗದು. ರೈಸರ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ 1905ರದು. ನಾನು ವಿದ್ಯಾರ್ಥಿಯಾಗಿದ್ದಾಗ ಅದನ್ನು ಕಣ್ಣಲ್ಲಿ ಕಾಣಲು ಎರಡು ಬಸ್ಸು ಬದಲಾಯಿಸಿ ಗ್ರಂಥಾಲಯಕ್ಕೆ ಹೋಗಿ ಕಾಯಬೇಕಾಗಿತ್ತು. ಇಂದು ಅದೇ ಫೋನಿನಲ್ಲಿ ಅದರ ಪುಟಗಳನ್ನು ಓದಬಹುದು. ಬಾವಿಯ ನೀರೂ ಚರಂಡಿಯ ನೀರೂ ಒಂದೇ ಕೊಳಾಯಿಯಲ್ಲಿ ಬರುತ್ತಿರುವಾಗ ಕೊಳಾಯಿಯನ್ನು ಕಿತ್ತುಹಾಕುವುದಕ್ಕಿಂತ ಮೂಗು ನಾಲಗೆಗಳನ್ನು ಚುರುಕುಗೊಳಿಸುವುದು ಒಳ್ಳೆಯದು.

ಅವಸರವೂ ಇದೆ. ರೈಸರ ಸಂಪುಟದಲ್ಲಿ ದಾಖಲಾದ ಕಲ್ಲುಗಳಲ್ಲಿ ಅನೇಕವು ಇಂದು ಆ ಊರುಗಳಲ್ಲಿಲ್ಲ. ಅಡಿಪಾಯಕ್ಕೆ ಹೋದವು, ರಸ್ತೆಯ ಕೆಳಗೆ ಹೋದವು. ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು, ಸುಮಾರು 750ರದು, 2018ರಲ್ಲಿ ಆಸಕ್ತರ ಕಣ್ಣಿಗೆ ಬಿದ್ದು ಉಳಿಯಿತು. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಮೂರು ಆಯಾಮಗಳಲ್ಲಿ ಚಿತ್ರಿಸಿ ಇಡುತ್ತಿದ್ದಾರೆ. ಅವರು ಎಷ್ಟು ಮಾಡಿಯಾರು? ಕಲ್ಲು ಹೋದ ಮೇಲೆ ಕಥೆಯೊಂದೇ ಉಳಿಯುತ್ತದೆ. ಆಗ ಕಥೆ ಹೇಳಿದವನೇ ಪ್ರಮಾಣ.

ಪ್ರದರ್ಶನ ಮುಗಿದ ಮೇಲೆ ನಾನು ಆ ಶಾಲೆಯವರನ್ನು ಒಪ್ಪಿಸಿ, ಒಂದು ಶನಿವಾರ ಹನ್ನೊಂದು ಮಕ್ಕಳನ್ನು ಬೇಗೂರಿಗೆ ಕರೆದುಕೊಂಡು ಹೋದೆನು. ಉಳಿದವರಿಗೆ ಕೋಚಿಂಗ್ ಇತ್ತು. ಕಲ್ಲಿನ ಮುಂದೆ ನಿಂತು ಲಿಪಿಯನ್ನೂ ಕಾಳಗವನ್ನೂ ನನಗೆ ತಿಳಿದಷ್ಟು ವಿವರಿಸಿದೆನು. ಎಲ್ಲರೂ ಫೋಟೋ ತೆಗೆದುಕೊಂಡರು. ಒಬ್ಬ ಹುಡುಗಿ ಮಾತ್ರ ತೆಗೆಯಲಿಲ್ಲ. ಬಹಳ ಹೊತ್ತು ನೋಡಿ, ‘ಅಜ್ಜಾ, ಇದನ್ನು ನಿಲ್ಲಿಸಿದವರು ನಾಗತ್ತರನ ಕಡೆಯವರೇ ಅಲ್ಲವೆ? ಎದುರಾಳಿಗಳ ಕಲ್ಲು ಎಲ್ಲಿದೆ?’ ಎಂದು ಕೇಳಿದಳು. ನಾನು ಉತ್ತರ ಹೇಳಲಾರದೆ ಅವಳ ತಲೆಯ ಮೇಲೆ ಕೈಯಿಟ್ಟೆನು.

ಹತ್ತು ದಿನಗಳ ನಂತರ ಆಕೆ ತನ್ನ ಪುಸ್ತಕವನ್ನು ತಿದ್ದಿ ನನಗೆ ತೋರಿಸಲು ತಂದೆಯೊಡನೆ ಪೀಣ್ಯದವರೆಗೆ ಬಂದಳು. ಕಥೆಯನ್ನು ತೆಗೆದುಹಾಕಿರಲಿಲ್ಲ. ದೊರೆಯ ಹೆಸರಿನ ಅಕ್ಷರಗಳು ತಮ್ಮ ತಮ್ಮ ಸ್ಥಾನಕ್ಕೆ ಮರಳಿದ್ದವು. ಪ್ರತಿಯೊಂದು ವಾಕ್ಯದ ಕೊನೆಗೂ ‘ಅಂತೆ’ ಬಂದಿತ್ತು. ಅದರ ಕೆಳಗೆ, ‘ಈ ಕಥೆಯನ್ನು ಮೊದಲು ಬರೆದವರು ಯಾರೆಂದು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಪುಸ್ತಕಕ್ಕೆ ಹೊಸದಾಗಿ ಅಂಕ ಹಾಕಬಹುದೇ ಎಂದು ನಾನು ಶಾಲೆಗೆ ದೂರವಾಣಿ ಮಾಡಿ ವಿಚಾರಿಸಿದೆನು. ಅಂಕಗಳು ಆಗಲೇ ಗಣಕಯಂತ್ರಕ್ಕೆ ಏರಿಹೋಗಿವೆ, ತಿದ್ದಲು ಅವಕಾಶವಿಲ್ಲ ಎಂದರು. ಪ್ರಥಮ ಬಹುಮಾನವನ್ನು ಅವರು ರೇಷ್ಮೆಯ ಹೊದಿಕೆಯ ಪುಸ್ತಕಕ್ಕೆ ಕೊಟ್ಟಿದ್ದರು.